ಸೆನ್ಸರ್ ಹೇಳುವುದು ತನ್ನ ಮೈಬಿಸಿಯನ್ನು ಮಾತ್ರ

ಓದುಗರ ಪ್ರಶ್ನೆ, ನಮ್ಮ ಉತ್ತರ

ಮೈಕ್ರೋಕಂಟ್ರೋಲರ್‌ಗೆ (ಪ್ರೋಗ್ರಾಮ್ ಬರೆದು ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್) ಡಿಜಿಟಲ್ ತಾಪಮಾನ ಸೆನ್ಸರ್ ಜೋಡಿಸಿ ಬಿಸಿಯನ್ನು ಹತೋಟಿಯಲ್ಲಿಡುವ ಬಗ್ಗೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಎಂಟನ್ನು ಈ ಸಲ ಆರಿಸಿದ್ದೇವೆ. ಉದ್ದದ ಪತ್ರಗಳನ್ನು ಮೊಟಕು ಮಾಡಿದ್ದೇವೆ.

ಮೂಡಿಗೆರೆಯಿಂದ ಒಬ್ಬ ಬೆಳೆಗಾರರು: ಕಾಫಿ ಡ್ರೈಯರ್‌ಗೆ ನಾಲ್ಕು ಕಡೆ ಡಿಎಸ್18ಬಿ20 ತಾಪಮಾನ ಸೆನ್ಸರ್ ಹಾಕಿ ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಬೋರ್ಡಿಗೆ ಜೋಡಿಸಿದ್ದೇವೆ. ಒಟ್ಟು ತಂತಿ ಸುಮಾರು 30 ಮೀಟರ್. ಮೇಜಿನ ಮೇಲಿದ್ದಾಗ ಸರಿಯಾಗಿಯೇ ಇತ್ತು. ಶೆಡ್ಡಿಗೆ ಹೋದ ಮೇಲೆ ಒಮ್ಮೊಮ್ಮೆ 85, ಒಮ್ಮೊಮ್ಮೆ ಮೈನಸ್ 127 ತೋರಿಸುತ್ತದೆ. 85 ಬಂದಾಗ ಹೀಟರ್ ಆರುತ್ತದೆ, ಮೈನಸ್ 127 ಬಂದಾಗ ಬಿಡದೆ ಉರಿಯುತ್ತದೆ. ಸೆನ್ಸರ್ ಕೆಟ್ಟಿದೆಯೇ?

ಸೆನ್ಸರ್ ಕೆಟ್ಟಿರುವ ಸಾಧ್ಯತೆ ಕಡಿಮೆ. ಆ ಎರಡೂ ತಾಪಮಾನಗಳೇ ಅಲ್ಲ. ಮೈನಸ್ 127 ಎಂದರೆ ಸೆನ್ಸರ್‌ನಿಂದ ಉತ್ತರವೇ ಬರಲಿಲ್ಲ ಎಂದು ಲೈಬ್ರರಿ (ಸೆನ್ಸರ್ ಓದಲು ಬಳಸುವ ಸಿದ್ಧ ಪ್ರೋಗ್ರಾಮ್) ಕೊಡುವ ಸಂಕೇತ. 85 ಎಂಬುದು ಡಿಎಸ್18ಬಿ20ಗೆ ಕರೆಂಟು ಬಂದ ಕೂಡಲೇ ಅದರ ನೆನಪಿನಲ್ಲಿ ಕೂತಿರುವ ಆರಂಭದ ಅಂಕಿ. ಅಳತೆ ಮುಗಿಯುವ ಮೊದಲೇ ಓದಿದರೆ ಅದು ಸಿಗುತ್ತದೆ. ಅಳತೆಯ ಸೂಕ್ಷ್ಮತೆಯನ್ನು 12 ಬಿಟ್‌ಗೆ ಇಟ್ಟಿದ್ದರೆ ಒಂದು ಅಳತೆಗೆ 750 ಮಿಲಿಸೆಕೆಂಡ್ ಕಾಯಬೇಕು. ಅಥವಾ ಅಳತೆಯ ನಡುವೆ ವೋಲ್ಟೇಜ್ ಕುಸಿದು ಸೆನ್ಸರ್ ಮತ್ತೆ ಮೊದಲಿನಿಂದ ಶುರುವಾದಾಗ ಸಿಗುತ್ತದೆ. ಬ್ಲೋವರ್ ಮೋಟಾರ್ ಶುರುವಾಗುವ ಹೊತ್ತಿಗೇ 85 ಬರುತ್ತಿದೆಯೇ ಎಂದು ನೋಡಿ. ಹೌದಾದರೆ ತಪ್ಪು ಪವರ್ ಸಪ್ಲೈಯಲ್ಲಿದೆ.

ಮೇಜಿನ ಮೇಲೆ ನಡೆದದ್ದು ಶೆಡ್ಡಿನಲ್ಲಿ ನಡೆಯದಿರಲು ತಂತಿಯೇ ಕಾರಣ. ನಾಲ್ಕು ಸೆನ್ಸರ್‌ಗೆ ನಾಲ್ಕು ತಂತಿಗಳನ್ನು ಬೋರ್ಡಿನಿಂದ ಕೊಂಬೆಗಳ ಹಾಗೆ ಬೇರೆ ಬೇರೆ ಎಳೆದಿದ್ದರೆ ಒಂದೊಂದು ಕೊಂಬೆಯ ತುದಿಯಿಂದಲೂ ಸಂಕೇತ ಪ್ರತಿಧ್ವನಿಸಿ ಬಂದು ಕಲಸಿಹೋಗುತ್ತದೆ. ಒಂದೇ ತಂತಿ ಒಂದು ಸೆನ್ಸರ್‌ನಿಂದ ಇನ್ನೊಂದಕ್ಕೆ ಸಾಲಾಗಿ ಹಾದುಹೋಗಲಿ, ಅದರಿಂದ ಸೆನ್ಸರ್‌ಗೆ ಬರುವ ಕವಲು ಒಂದು ಗೇಣಿಗಿಂತ ಉದ್ದವಾಗದಿರಲಿ. ನೆಟ್‌ವರ್ಕಿಗೆ ಬಳಸುವ ಕ್ಯಾಟ್5 ಕೇಬಲ್ ಇದಕ್ಕೆ ಒಳ್ಳೆಯದು: ಹೆಣೆದ ಒಂದು ಜೋಡಿಯಲ್ಲಿ ಡೇಟಾ ಮತ್ತು ಗ್ರೌಂಡ್, ಇನ್ನೊಂದು ಜೋಡಿಯಲ್ಲಿ ಪವರ್. ಉಳಿದ ಎಳೆಗಳನ್ನು ಎರಡೂ ತುದಿಯಲ್ಲಿ ಹಾಗೇ ಬಿಡಿ. ಗ್ರೌಂಡಿಗೆ ಕಟ್ಟಿದರೆ ಕೆಪಾಸಿಟೆನ್ಸ್ ಹೆಚ್ಚಿ ಸಂಕೇತದ ಅಂಚು ಮೊಂಡಾಗುತ್ತದೆ. ಡೇಟಾ ತಂತಿಯನ್ನು ಪವರ್ ಕಡೆಗೆ ಎಳೆದು ಹಿಡಿಯುವ ಪುಲ್‌ಅಪ್ ರೆಸಿಸ್ಟರ್ 4.7 ಕಿಲೋ ಓಮ್ ಇದ್ದರೆ 2.2 ಕಿಲೋ ಓಮ್‌ಗೆ ಇಳಿಸಿ. 1 ಕಿಲೋ ಓಮ್‌ಗಿಂತ ಕೆಳಗೆ ಹೋಗಬೇಡಿ. ಅದರ ಮೇಲಿನ ತುದಿ 3.3 ವೋಲ್ಟ್‌ಗೇ ಹೋಗಬೇಕು. 5 ವೋಲ್ಟ್‌ಗೆ ಕಟ್ಟಿದರೆ ಇಎಸ್‌ಪಿ32ರ ಪಿನ್ನಿಗೆ ಅಪಾಯ. ಪ್ರತಿ ಸೆನ್ಸರ್ ಹತ್ತಿರ ಪವರ್-ಗ್ರೌಂಡ್ ನಡುವೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಒಂದೊಂದು ಹಾಕಿ. ಡೇಟಾ ತಂತಿಯಿಂದಲೇ ಪವರ್ ಪಡೆದು ಎರಡೇ ತಂತಿಯಲ್ಲಿ ನಡೆಸುವ ಪ್ಯಾರಸೈಟ್ ವಿಧಾನ ಡ್ರೈಯರ್‌ಗೆ ಬೇಡ. ಹೀಟರ್, ಮೋಟಾರ್ ಕೇಬಲ್‌ನಿಂದ ಒಂದು ಅಡಿ ದೂರವಿಡಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ, ಜೊತೆಜೊತೆಯಾಗಿ ಓಡಿಸಬೇಡಿ.

ಆದರೆ ನಿಮ್ಮ ಪತ್ರದಲ್ಲಿ ನಿಜವಾಗಿ ಹೆದರಿಕೆ ಹುಟ್ಟಿಸುವುದು ಕೊನೆಯ ಮಾತು: ಸೆನ್ಸರ್ ಸತ್ತರೆ ಹೀಟರ್ ಉರಿಯುತ್ತಲೇ ಇರುತ್ತದೆ. "40ಕ್ಕಿಂತ ಕಡಿಮೆ ಇದ್ದರೆ ಹಚ್ಚು" ಎಂದು ಮಾತ್ರ ಬರೆದ ಪ್ರೋಗ್ರಾಮಿಗೆ ಮೈನಸ್ 127 ಎಂದರೆ ಕೊರೆಯುವ ಚಳಿ. ತಂತಿ ನಾಳೆ ಇಲಿ ಕಡಿದರೂ ಇದೇ ಕಥೆ. ಆದ್ದರಿಂದ ಓದಿದ ಪ್ರತಿ ಅಂಕಿಯನ್ನೂ ಮೊದಲು ಜರಡಿ ಹಿಡಿಯಿರಿ. ಸಿಆರ್‌ಸಿ (ಡೇಟಾ ದಾರಿಯಲ್ಲಿ ಕೆಟ್ಟಿಲ್ಲವೇ ಎಂದು ತಾಳೆ ನೋಡುವ ಅಂಕಿ) ಸರಿ ಇದೆಯೇ? 0ಯಿಂದ 110ರ ಒಳಗಿದೆಯೇ? ಹಿಂದಿನ ಅಳತೆಗಿಂತ ಎರಡು ಸೆಕೆಂಡಿನಲ್ಲಿ 5 ಡಿಗ್ರಿಗಿಂತ ಹೆಚ್ಚು ಹಾರಿದೆಯೇ? ಸ್ಟೀಲ್ ಕವಚದ ಪ್ರೋಬ್ (ಸೆನ್ಸರ್ ಕೂತಿರುವ ಕಡ್ಡಿ) ಅಷ್ಟು ಬೇಗ ಬಿಸಿಯಾಗಲಾರದು, ಹಾಗಾಗಿ 41ರಿಂದ ನೇರ 85ಕ್ಕೆ ಹಾರಿದರೆ ಅದು ಸುಳ್ಳು. 85 ಬಂದಾಗಲೆಲ್ಲ ಕಣ್ಣುಮುಚ್ಚಿ ಬಿಸಾಡುವುದೂ ತಪ್ಪು, ಬಿಸಿಗಾಳಿಯ ಕೊಳವೆಯಲ್ಲಿ ಅದು ನಿಜವಾಗಿಯೂ ಬರಬಹುದು. ಹತ್ತು ಸೆಕೆಂಡು ಒಂದೂ ಒಳ್ಳೆಯ ಅಳತೆ ಬರದಿದ್ದರೆ ಹೀಟರ್ ಆರಲಿ, ಬ್ಲೋವರ್ ಓಡುತ್ತಿರಲಿ, ಬಜರ್ ಕೂಗಲಿ. ಇದಲ್ಲದೆ ಹೀಟರ್ ಕಾಂಟ್ಯಾಕ್ಟರ್‌ನ (ಹೆಚ್ಚು ಕರೆಂಟನ್ನು ಹಚ್ಚಿ ಆರಿಸುವ ದೊಡ್ಡ ಸ್ವಿಚ್) ಕಾಯಿಲ್ ಸಾಲಿನಲ್ಲಿ, ಬಿಸಿ ಮಿತಿ ದಾಟಿದರೆ ತಾನೇ ಕಡಿಯುವ ಕೆಎಸ್‌ಡಿ301 ಮಾದರಿಯ ಒಂದು ಬೈಮೆಟಲ್ ಕಟ್‌ಔಟ್ ಹಾಕಿ, ಕೈಯಿಂದ ಒತ್ತಿ ರೀಸೆಟ್ ಮಾಡುವಂಥದ್ದು. ಪ್ರೋಗ್ರಾಮ್ ತಪ್ಪಿದರೂ ಅದು ತಪ್ಪುವುದಿಲ್ಲ.

ಇನ್ನು ಪ್ರೋಬ್ ಎಲ್ಲಿದೆ ಎಂದು ನೀವು ಬರೆದಿಲ್ಲ. ಪಾರ್ಚ್‌ಮೆಂಟ್ (ತಿರುಳು ತೆಗೆದ) ಕಾಳು 40 ಡಿಗ್ರಿ, ಚೆರಿ (ಇಡೀ ಹಣ್ಣು) 45 ಡಿಗ್ರಿ ದಾಟಬಾರದು ಎನ್ನುವುದು ಕಾಳಿನ ಬಿಸಿಯ ಮಾತು, ಗಾಳಿಯದಲ್ಲ. ಹಸಿ ಕಾಳು ನೀರು ಬಿಡುತ್ತಿರುವಾಗ ಸುತ್ತಲಿನ ಗಾಳಿಗಿಂತ ತಂಪಾಗಿಯೇ ಇರುತ್ತದೆ. ಒಣಗುತ್ತ ಬಂದಂತೆ ಆ ತಂಪು ಹೋಗಿ ಕಾಳಿನ ಬಿಸಿ ಗಾಳಿಯ ಬಿಸಿಯನ್ನು ಮುಟ್ಟುತ್ತದೆ. ಮೊದಲ ದಿನ ನಡೆದ ಗಾಳಿಯ ಬಿಸಿಯನ್ನೇ ಕೊನೆಯವರೆಗೂ ಇಟ್ಟರೆ ಕಾಳು ಕೆಡುವುದು ಹೀಗೆ. ಒಂದು ಪ್ರೋಬ್ ಗಾಳಿ ಒಳಬರುವ ಬಾಯಲ್ಲಿ, ಎರಡು ಕಾಳಿನ ರಾಶಿಯ ನಡುವೆ, ಒಂದು ಗಾಳಿ ಹೊರಹೋಗುವಲ್ಲಿ ಇರಲಿ. ಹೀಟರನ್ನು ನಡೆಸುವುದು ಬಾಯಿಯ ಪ್ರೋಬ್. ಅದರ ಮಿತಿಯನ್ನು ಇಳಿಸುವುದು ರಾಶಿಯ ಪ್ರೋಬ್‌ಗಳಲ್ಲಿ ಹೆಚ್ಚು ಬಿಸಿ ಇರುವುದು.

ಕೊನೆಯದಾಗಿ, ಸೆನ್ಸರ್‌ಗಳನ್ನು ಸೊನ್ನೆ, ಒಂದು, ಎರಡು ಎಂದು ಸಾಲಿನ ಸಂಖ್ಯೆಯಿಂದ ಕರೆಯಬೇಡಿ. ಒಂದು ಕಳಚಿಕೊಂಡರೆ ಹಿಂದಿನವೆಲ್ಲ ಒಂದೊಂದು ಹೆಜ್ಜೆ ಮುಂದೆ ಸರಿದು, ರಾಶಿಯ ಅಂಕಿ ಗಾಳಿಯ ಹೆಸರಿನಲ್ಲಿ ಬರುತ್ತದೆ. ಪ್ರತಿಯೊಂದಕ್ಕೂ ತನ್ನದೇ 64 ಬಿಟ್ ಗುರುತಿದೆ. ಅದನ್ನು ಓದಿ, ಪ್ರೋಬ್‌ಗೆ ಚೀಟಿ ಅಂಟಿಸಿ, ಪ್ರೋಗ್ರಾಮಿನಲ್ಲಿ ಬರೆದಿಡಿ.

ಚಿಕ್ಕಮಗಳೂರಿನಿಂದ ಒಬ್ಬ ಉಪನ್ಯಾಸಕರು: ಕುದಿಯುವ ನೀರಿನಲ್ಲಿ ಇಟ್ಟು ನೋಡಿದರೆ ನಮ್ಮ ಆರೂ ಸೆನ್ಸರ್‌ಗಳು 96ರ ಆಸುಪಾಸಿನಲ್ಲೇ ನಿಲ್ಲುತ್ತವೆ. 100ಕ್ಕೆ ಸರಿಹೊಂದಿಸಲು 4 ಡಿಗ್ರಿ ಕೂಡಿಸಿದ್ದೇವೆ. ಸರಿಯೇ?

ಕೂಡಿಸಿದ್ದನ್ನು ಈಗಲೇ ತೆಗೆಯಿರಿ. ಸೆನ್ಸರ್ ಸರಿ, ನೂರು ಎನ್ನುವುದೇ ನಿಮ್ಮ ಊರಿಗೆ ತಪ್ಪು. ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿರುವ ಚಿಕ್ಕಮಗಳೂರಿನಲ್ಲಿ ನೀರು ಕುದಿಯುವುದು 96.4 ಡಿಗ್ರಿಯ ಹತ್ತಿರ. ಹಾಸನದಲ್ಲಿ 96.8ರ ಸುಮಾರು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಗೆ ಒಲೆ ಹೊತ್ತು ಹೋದರೆ 93.6.

ಅದೂ ಅಲ್ಲದೆ ಡಿಎಸ್18ಬಿ20ರ ಅರ್ಧ ಡಿಗ್ರಿಯ ಭರವಸೆ ಇರುವುದು ಮೈನಸ್ 10ರಿಂದ 85ರವರೆಗೆ. ಅದರಾಚೆ ಕುದಿನೀರಿನಲ್ಲಿ ಪರೀಕ್ಷೆ ಮಾಡಿ ಪಡೆಯುವುದು ಹೆಚ್ಚಿಲ್ಲ. ಮಂಜುಗಡ್ಡೆಯೇ ಒಳ್ಳೆಯ ಗುರು. ಶುದ್ಧ ನೀರಿನ ಮಂಜುಗಡ್ಡೆಯನ್ನು ಪುಡಿಮಾಡಿ ಫ್ಲಾಸ್ಕ್ ತುಂಬಿ, ಸಂದುಗಳು ಮುಚ್ಚುವಷ್ಟೇ ನೀರು ಹಾಕಿ. ಪ್ರೋಬನ್ನು ನಡುವೆ ಇಟ್ಟು ಕಲಕುತ್ತ ಐದು ನಿಮಿಷ ಬಿಟ್ಟು ಓದಿ. ತುಂಬ ನೀರಿನಲ್ಲಿ ನಾಲ್ಕು ತುಂಡು ತೇಲಿಬಿಟ್ಟರೆ ತಳದ ನೀರು 4 ಡಿಗ್ರಿ ಇರಬಹುದು, ಅದು ಸೊನ್ನೆಯಲ್ಲ. ಬಂದ ವ್ಯತ್ಯಾಸವನ್ನು ಆಯಾ ಸೆನ್ಸರ್‌ನ ಗುರುತಿನ ಜೊತೆ ಬರೆದಿಡಿ. 12 ಬಿಟ್‌ನಲ್ಲಿ 0.0625 ಡಿಗ್ರಿಯ ಮೆಟ್ಟಿಲು ಕಾಣುತ್ತದೆ ಎಂದ ಮಾತ್ರಕ್ಕೆ ಅಷ್ಟು ನಿಖರ ಎಂದಲ್ಲ. ಅಡಿಕೋಲಿನ ಮೇಲೆ ಸಣ್ಣ ಗೆರೆ ಇದ್ದರೆ ಕೋಲು ನೆಟ್ಟಗಿದೆ ಎಂದಾಗುವುದಿಲ್ಲವಲ್ಲ.

ಹಾಸನದಿಂದ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿನಿ: ಇನ್ವರ್ಟರ್ ಪ್ರಾಜೆಕ್ಟಿನಲ್ಲಿ ಎಲ್‌ಎಂ75 ತಾಪಮಾನ ಸೆನ್ಸರ್ ಮಾಡ್ಯೂಲನ್ನು ಹೀಟ್‌ಸಿಂಕ್ (ಬಿಸಿ ಹೀರಿ ಗಾಳಿಗೆ ಬಿಡುವ ಲೋಹದ ತುಂಡು) ಪಕ್ಕದಲ್ಲಿಟ್ಟು, 70 ಡಿಗ್ರಿಗೆ ಆಫ್ ಆಗುವಂತೆ ಬರೆದಿದ್ದೆ. ಅದು 52 ತೋರಿಸುತ್ತಿರುವಾಗಲೇ ಮಾಸ್‌ಫೆಟ್ (ಕರೆಂಟನ್ನು ಹಚ್ಚಿ ಆರಿಸುವ ಟ್ರಾನ್ಸಿಸ್ಟರ್) ಸುಟ್ಟುಹೋಯಿತು. ಇದಕ್ಕಿಂತ ನಿಖರವಾದ ಸೆನ್ಸರ್ ಯಾವುದು?

ನಿಖರವಾದ ಸೆನ್ಸರ್ ತಂದರೂ ಅದು 52ನ್ನೇ ಇನ್ನೂ ನಿಖರವಾಗಿ ತೋರಿಸುತ್ತಿತ್ತು. ನಿಮ್ಮ ಎಲ್‌ಎಂ75 ಅಳೆದದ್ದು ತಾನು ಕೂತ ಪಿಸಿಬಿಯ (ಸರ್ಕ್ಯೂಟ್ ಹಲಗೆ) ಬಿಸಿಯನ್ನು. ಈ ಜಾತಿಯ ಚಿಪ್‌ಗೆ ಬಿಸಿ ತಲುಪುವುದು ಬಹುಪಾಲು ಅದರ ಕಾಲುಗಳ ಮೂಲಕ, ತಲೆಯ ಮೇಲೆ ಬೀಸುವ ಗಾಳಿಯಿಂದಲ್ಲ.

ಲೆಕ್ಕ ಮಾಡಿ ನೋಡೋಣ. ಮಾಸ್‌ಫೆಟ್ 20 ವಾಟ್ ಬಿಸಿ ಬಿಡುತ್ತಿದೆ ಎನ್ನಿ. ಒಳಗಿನ ಸಿಲಿಕಾನ್ ಚೂರಿನಿಂದ ಹೊರಗಿನ ಲೋಹದವರೆಗೆ ವಾಟಿಗೆ 1 ಡಿಗ್ರಿ, ಅಲ್ಲಿಂದ ಇನ್ಸುಲೇಟಿಂಗ್ ಪ್ಯಾಡ್ ದಾಟಿ ಹೀಟ್‌ಸಿಂಕಿಗೆ ಇನ್ನೊಂದು ಡಿಗ್ರಿ. ಎರಡೂ ಸೇರಿ 20 ವಾಟಿಗೆ 40 ಡಿಗ್ರಿ. ಹೀಟ್‌ಸಿಂಕ್ 85 ಇದ್ದರೆ ಒಳಗೆ ಆಗಲೇ 125. ಸಿಲಿಕಾನ್‌ನ ಮಿತಿ 150 ಎಂದಿದ್ದರೆ 25 ಡಿಗ್ರಿ ಉಳಿಸಿಕೊಂಡು 125ಕ್ಕೇ ನಿಲ್ಲಿಸಬೇಕು, ಅಂದರೆ ಹೀಟ್‌ಸಿಂಕಿನ ಮೇಲೆ 85. ಸೆನ್ಸರ್‌ನ ತಪ್ಪು, ಬಿಸಿ ತಲುಪುವ ತಡ ಎರಡಕ್ಕೂ ಸೇರಿ ಇನ್ನು ಹತ್ತು ಕಳೆದರೆ 75. ನೀವಿಟ್ಟ 70 ಕೆಟ್ಟ ಆಯ್ಕೆಯಲ್ಲ, ಆದರೆ ಅದು ಹೀಟ್‌ಸಿಂಕಿನ ಮೈಮೇಲೆ ಅಳೆದ 70 ಆಗಬೇಕಿತ್ತು. ನಿಮ್ಮ ಡೇಟಾಶೀಟಿನಲ್ಲಿರುವ ಥರ್ಮಲ್ ರೆಸಿಸ್ಟೆನ್ಸ್ (ವಾಟಿಗೆ ಏರುವ ಡಿಗ್ರಿ) ಹಾಕಿ ಇದೇ ಲೆಕ್ಕವನ್ನು ಮತ್ತೆ ಮಾಡಿ. ಪ್ಯಾಡ್‌ನ ಅಂಕಿ ಸ್ಕ್ರೂ ಬಿಗಿಯ ಮೇಲೂ ನಿಲ್ಲುತ್ತದೆ. ಸಡಿಲವಾದ ಒಂದು ಸ್ಕ್ರೂ ಇಡೀ ಲೆಕ್ಕವನ್ನು ಕೆಡಿಸುತ್ತದೆ.

ಸೆನ್ಸರ್ ಕೂರಿಸುವ ಜಾಗ: ಮಾಸ್‌ಫೆಟ್‌ನಿಂದ ಒಂದೆರಡು ಸೆಂಟಿಮೀಟರ್ ಒಳಗೆ, ಹೀಟ್‌ಸಿಂಕಿನ ದಪ್ಪ ತಳದ ಮೇಲೆ, ಗಾಳಿ ಹೊಡೆಯುವ ರೆಕ್ಕೆಯ ತುದಿಯಲ್ಲಲ್ಲ. ಟ್ರಾನ್ಸಿಸ್ಟರ್ ಆಕಾರದ ಡಿಎಸ್18ಬಿ20 ಬಳಸುವುದಾದರೆ ಚಪ್ಪಟೆ ಮುಖಕ್ಕೆ ತೆಳುವಾಗಿ ಥರ್ಮಲ್ ಪೇಸ್ಟ್ ಹಚ್ಚಿ, ಕ್ಲಿಪ್ಪಿನಿಂದ ಒತ್ತಿ ಹಿಡಿಸಿ. ಅದರ ತಂತಿಯ ಮೊದಲ ಮೂರ್ನಾಲ್ಕು ಸೆಂಟಿಮೀಟರನ್ನೂ ಹೀಟ್‌ಸಿಂಕಿಗೇ ತಾಗಿಸಿ ಅಂಟಿಸಬೇಕು. ಇಲ್ಲದಿದ್ದರೆ ತಂತಿಯೇ ಬಿಸಿಯನ್ನು ಹೊರಗೆ ಸಾಗಿಸಿ ಕೆಲವು ಡಿಗ್ರಿ ಕಡಿಮೆ ತೋರಿಸುತ್ತದೆ. ಒಂದು ಎಚ್ಚರಿಕೆ: ಟಿಒ-220 ಮಾಸ್‌ಫೆಟ್‌ನ ಲೋಹದ ಬೆನ್ನು ಡ್ರೈನ್‌ಗೆ ಕೂಡಿರುತ್ತದೆ. ಪ್ಯಾಡ್ ಇಲ್ಲದಿದ್ದರೆ, ಅಥವಾ ಹರಿದಿದ್ದರೆ, ಹೀಟ್‌ಸಿಂಕಿಗೇ ಕರೆಂಟು ಬಂದಿರುತ್ತದೆ. 230 ವೋಲ್ಟನ್ನು ಡಿಸಿ ಮಾಡಿದರೆ ಸುಮಾರು 325 ವೋಲ್ಟ್; ಸೆನ್ಸರ್‌ಗೆ, ಯುಎಸ್‌ಬಿ ಮೂಲಕ ನಿಮ್ಮ ಲ್ಯಾಪ್‌ಟಾಪಿಗೆ, ಆಮೇಲೆ ನಿಮ್ಮ ಕೈಗೆ.

ಎಲ್‌ಎಂ75ನ್ನು ಬಿಸಾಡಬೇಡಿ. ಅದರಲ್ಲೊಂದು ಒಳ್ಳೆಯ ಗುಣವಿದೆ: ಓಎಸ್ ಎಂಬ ಪಿನ್ನು. ಪ್ರೋಗ್ರಾಮ್ ನಿಂತುಹೋಗಿದ್ದರೂ 80 ಡಿಗ್ರಿ ದಾಟಿದರೆ ಅದರ ವೋಲ್ಟೇಜ್ ತಾನಾಗಿ ಕೆಳಗೆ ಇಳಿಯುತ್ತದೆ, 75ಕ್ಕೆ ಬಂದಾಗ ಬಿಡುತ್ತದೆ. 10 ಕಿಲೋ ಓಮ್ ಪುಲ್‌ಅಪ್ ಹಾಕಿ, ಆ ಪಿನ್ನನ್ನು ಗೇಟ್ ಡ್ರೈವರ್‌ನ (ಮಾಸ್‌ಫೆಟ್ ನಡೆಸುವ ಚಿಪ್) ಎನೇಬಲ್ ಕಾಲಿಗೆ ನೇರ ಕೊಡಿ. ಮಿತಿಯನ್ನು ಬದಲಿಸಿದರೆ ಪ್ರತಿ ಸಲ ಪವರ್ ಬಂದಾಗಲೂ ಮತ್ತೆ ಬರೆಯಬೇಕು, ಅದು ನೆನಪಿಟ್ಟುಕೊಳ್ಳುವುದಿಲ್ಲ. ಸ್ವಿಚಿಂಗ್ ಗದ್ದಲಕ್ಕೆ ಸುಮ್ಮನೆ ಬೆಚ್ಚಿಬೀಳದಿರಲು ಫಾಲ್ಟ್ ಕ್ಯೂವನ್ನು (ಸತತ ಎಷ್ಟು ಅಳತೆ ಮಿತಿ ದಾಟಿದ ಮೇಲೆ ಎಚ್ಚರಿಸಬೇಕು ಎಂಬುದು) 4 ಅಥವಾ 6ಕ್ಕೆ ಇಡಿ. ಸೆನ್ಸರ್ ಮತ್ತು ಬೋರ್ಡ್ ಮಾತಾಡುವ ಐ2ಸಿ ತಂತಿ ಒಂದು ಅಡಿಯೊಳಗೆ ಮುಗಿಯಲಿ. ಗದ್ದಲದಲ್ಲಿ ಡೇಟಾ ಗೆರೆ ಕೆಳಗೇ ಸಿಕ್ಕಿಕೊಂಡರೆ ಕ್ಲಾಕ್ ಗೆರೆಯಲ್ಲಿ ಒಂಬತ್ತು ಬಡಿತ ಕಳಿಸಿದರೆ ಸಾಮಾನ್ಯವಾಗಿ ಬಿಡಿಸಿಕೊಳ್ಳುತ್ತದೆ. ಲೈಬ್ರರಿಯಲ್ಲಿ ಟೈಮ್‌ಔಟ್ ಇಡುವುದನ್ನು ಮರೆತರೆ ಇಡೀ ಪ್ರೋಗ್ರಾಮೇ ಅಲ್ಲಿ ಕಾಯುತ್ತ ಕೂರುತ್ತದೆ.

ಕಡೂರಿನಿಂದ: ಡಿಎಸ್18ಬಿ20 ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ?

64 ಬಿಟ್ ಗುರುತನ್ನು ಓದಿ. ಮೊದಲ ಬೈಟ್ 28 (ಹೆಕ್ಸ್ ಲೆಕ್ಕದಲ್ಲಿ) ಎಲ್ಲದರಲ್ಲೂ ಇರುತ್ತದೆ. ಅಸಲಿಯಲ್ಲಿ ಕೊನೆಯ ಸಿಆರ್‌ಸಿ ಬೈಟಿನ ಹಿಂದಿನ ಎರಡು ಬೈಟ್‌ಗಳು ಸೊನ್ನೆ. ನಕಲಿಗಳೆಲ್ಲ ಕೆಲಸಕ್ಕೆ ಬಾರದವು ಎಂದೇನಿಲ್ಲ, ಆದರೆ ಕೆಲವು ಪ್ಯಾರಸೈಟ್ ವಿಧಾನದಲ್ಲಿ ನಡೆಯುವುದಿಲ್ಲ, ಕೆಲವು ಒಂದೆರಡು ಡಿಗ್ರಿ ಆಚೀಚೆ ಹೇಳುತ್ತವೆ. ಹತ್ತು ತಂದರೆ ಹತ್ತನ್ನೂ ರಬ್ಬರ್‌ಬ್ಯಾಂಡ್ ಹಾಕಿ ಕಟ್ಟಿ ಒಂದೇ ಫ್ಲಾಸ್ಕಿನ ನೀರಿಗೆ ಇಳಿಸಿ ಹೋಲಿಸಿ. ಗುಂಪಿನಿಂದ ದೂರ ನಿಂತದ್ದನ್ನು ಬಿಡಿ.

ಅರಸೀಕೆರೆಯಿಂದ ಒಬ್ಬ ಕೋಳಿ ಸಾಕಣೆದಾರರು: 60 ಮೊಟ್ಟೆಯ ಕಾವುಪೆಟ್ಟಿಗೆಯನ್ನು ಥರ್ಮೋಕೋಲ್‌ನಲ್ಲಿ ಮಾಡಿದ್ದೇವೆ. ತಾಪಮಾನ, ತೇವಾಂಶ ಎರಡನ್ನೂ ಅಳೆಯುವ ಡಿಎಚ್‌ಟಿ22 ಸೆನ್ಸರ್, ಆರ್ಡುಯಿನೋ ಮೈಕ್ರೋಕಂಟ್ರೋಲರ್ ಬೋರ್ಡ್, ರಿಲೇ (ಬೋರ್ಡ್ ಹೇಳಿದಂತೆ ಹಚ್ಚಿ ಆರಿಸುವ ಸ್ವಿಚ್), 100 ವಾಟಿನ ಒಂದು ಬಲ್ಬು. 37.7ಕ್ಕೆ ಇಟ್ಟರೂ 36.2ರಿಂದ 39ರವರೆಗೆ ಉಯ್ಯಾಲೆಯಾಡುತ್ತದೆ. ಮರಿಗಳು ಸರಿಯಾಗಿ ಏಳುತ್ತಿಲ್ಲ.

39 ಡಿಗ್ರಿ ಮರಿಗೆ ಆಗುವುದಿಲ್ಲ. ಉಯ್ಯಾಲೆಗೆ ಮೂರು ಕಾರಣ ಸೇರಿವೆ: ಬಲ್ಬು ಅಗತ್ಯಕ್ಕಿಂತ ದೊಡ್ಡದು, ಗಾಳಿ ಆಡುತ್ತಿಲ್ಲ, ಸೆನ್ಸರ್ ತಡವಾಗಿ ಹೇಳುತ್ತದೆ. ಡಿಎಚ್‌ಟಿ22ನ್ನು ಎರಡು ಸೆಕೆಂಡಿಗೊಮ್ಮೆ ಮಾತ್ರ ಓದಬಹುದು, ಜೊತೆಗೆ ಅದರ ಪ್ಲಾಸ್ಟಿಕ್ ಗೂಡು ಬಿಸಿಯಾಗಲು, ಆರಲು ಹೊತ್ತು ಹಿಡಿಯುತ್ತದೆ. ಅದು 37.7 ಎನ್ನುವ ಹೊತ್ತಿಗೆ ಮೊಟ್ಟೆಯ ಮೇಲೆ 38.5 ದಾಟಿರಬಹುದು. ಆರಿದ ಬಲ್ಬಿನ ಗಾಜಿನಲ್ಲೂ ಉಳಿದ ಬಿಸಿ ಬರುತ್ತಲೇ ಇರುತ್ತದೆ.

ಮೊದಲು 80 ಮಿಲಿಮೀಟರ್‌ನ 12 ವೋಲ್ಟ್ ಫ್ಯಾನ್ ಹಾಕಿ, ಬಲ್ಬು ಉರಿಯಲಿ ಬಿಡಲಿ ಅದು ಸದಾ ತಿರುಗುತ್ತಿರಲಿ. ಗಾಳಿ ಮೊಟ್ಟೆಗೆ ನೇರ ಬಡಿಯದೆ ಗೋಡೆಗೆ ತಾಗಿ ಸುತ್ತಿ ಬರಲಿ. 100 ವಾಟಿನ ಬದಲು 40 ವಾಟಿನ ಎರಡು ಬಲ್ಬು. ಒಂದು ಸುಟ್ಟರೂ ಇನ್ನೊಂದು ರಾತ್ರಿ ಕಳೆಸುತ್ತದೆ. ತಾಪಮಾನಕ್ಕೆ ಸ್ಟೀಲ್ ಕವಚವಿಲ್ಲದ ಡಿಎಸ್18ಬಿ20 ಬಳಸಿ, ಮೊಟ್ಟೆಯ ನೆತ್ತಿಯ ಎತ್ತರದಲ್ಲಿ ತೂಗಿಬಿಡಿ, ಬಲ್ಬಿನ ಬೆಳಕು ನೇರ ಬೀಳದಂತೆ ನಡುವೆ ರಟ್ಟಿನ ತುಂಡು ಅಡ್ಡವಿಡಿ. ಬೆಳಕು ಬಿದ್ದರೆ ಸೆನ್ಸರ್ ಅಳೆಯುವುದು ಬಲ್ಬನ್ನು, ಗಾಳಿಯನ್ನಲ್ಲ. ಡಿಎಚ್‌ಟಿ22 ತೇವಾಂಶಕ್ಕೆ ಇರಲಿ: ಮೊದಲ 18 ದಿನ 50–55 ಶೇಕಡಾ, ಕೊನೆಯ ಮೂರು ದಿನ 65ರ ಮೇಲೆ.

ಇಷ್ಟಾದ ಮೇಲೆ ಪ್ರೋಗ್ರಾಮು. ಪೂರ್ತಿ ಆನ್, ಪೂರ್ತಿ ಆಫ್ ಬದಲು 10 ಸೆಕೆಂಡಿನ ಒಂದು ಅವಧಿ ಹಿಡಿಯಿರಿ. 37.2ರ ಕೆಳಗೆ ಹತ್ತೂ ಸೆಕೆಂಡು ಉರಿಯಲಿ, 38.2ರಲ್ಲಿ ಸೊನ್ನೆ, ನಡುವೆ ಅದೇ ಅನುಪಾತ: 37.7ರಲ್ಲಿ 5 ಸೆಕೆಂಡು. ಪೆಟ್ಟಿಗೆ 37.7ಕ್ಕಿಂತ ಸ್ವಲ್ಪ ಮೇಲೋ ಕೆಳಗೋ ಒಂದೇ ಕಡೆ ನಿಂತರೆ, ಐದು ನಿಮಿಷಕ್ಕೊಮ್ಮೆ 0.05 ಡಿಗ್ರಿಯಷ್ಟು ಈ ಪಟ್ಟಿಯನ್ನು ಎದುರು ದಿಕ್ಕಿಗೆ ಸರಿಸುವ ಸಾಲೊಂದನ್ನು ಸೇರಿಸಿ. ಪಿಐಡಿ (ತಪ್ಪು ಎಷ್ಟಿದೆಯೋ ಅದಕ್ಕೆ ತಕ್ಕಷ್ಟು ತಿದ್ದುವ ವಿಧಾನ) ಎಂದು ಹೆದರಿಸುವ ವಿದ್ಯೆಯಲ್ಲಿ ಈ ಪೆಟ್ಟಿಗೆಗೆ ಬೇಕಾದದ್ದು ಅಷ್ಟೇ. ಆದರೆ ಇದನ್ನು ರಿಲೇಯಿಂದ ಮಾಡಿಸಬೇಡಿ. 10 ಸೆಕೆಂಡಿಗೊಮ್ಮೆ ಎಂದರೆ ದಿನಕ್ಕೆ 8,640 ಸಲ. ಒಂದು ಲಕ್ಷ ಬಾರಿಯ ಆಯುಸ್ಸಿನ ರಿಲೇ 12 ದಿನದೊಳಗೆ ಮುಗಿಯುತ್ತದೆ, ಮೊಟ್ಟೆಗೆ ಬೇಕಾದದ್ದು 21 ದಿನ. ಝೀರೋ ಕ್ರಾಸಿಂಗ್ (ಎಸಿ ವೋಲ್ಟೇಜ್ ಸೊನ್ನೆ ದಾಟುವಾಗ ಹಚ್ಚುವ ಗುಣ) ಇರುವ, ಚಲಿಸುವ ಭಾಗವಿಲ್ಲದ ಸಾಲಿಡ್ ಸ್ಟೇಟ್ ರಿಲೇ ಹಾಕಿ. ಅದು ಕೆಟ್ಟಾಗ ಹೆಚ್ಚಾಗಿ ಆನ್ ಆಗಿಯೇ ಉಳಿಯುತ್ತದೆ ಎನ್ನುವುದು ಗೊತ್ತಿರಲಿ. ಆದ್ದರಿಂದ ಹಳೆಯ ರಿಲೇಯನ್ನು ಬಿಸಾಡದೆ ಅದರ ಸಾಲಿನಲ್ಲೇ ಉಳಿಸಿ, 38.7 ದಾಟಿದರೆ ಮಾತ್ರ ಕಡಿಯುವ ಕಾವಲುಗಾರನ ಕೆಲಸ ಕೊಡಿ.

ಅಳತೆ ಸರಿಯೇ ಎಂದು ನೋಡಲು ಮನೆಯ ಡಿಜಿಟಲ್ ಜ್ವರದ ಥರ್ಮಾಮೀಟರ್ ಸಾಕು. ಅದು 37ರ ಆಸುಪಾಸಿನಲ್ಲಿ 0.1 ಡಿಗ್ರಿಯಷ್ಟು ನಿಖರ, ನಿಮಗೆ ಬೇಕಾದದ್ದೂ ಅದೇ ಜಾಗ. ಫ್ಲಾಸ್ಕಿನಲ್ಲಿ 38ರ ಹತ್ತಿರದ ನೀರು ಹಾಕಿ ಎರಡನ್ನೂ ಅಕ್ಕಪಕ್ಕ ಇಳಿಸಿ. ಕವಚವಿಲ್ಲದ ಸೆನ್ಸರ್‌ನ ಕಾಲುಗಳಿಗೆ ಮೊದಲು ಪ್ಲಾಸ್ಟಿಕ್ ಕೊಟ್ಟೆ ಬಿಗಿಯಾಗಿ ಸುತ್ತಿರಿ.

ಬೇಲೂರಿನಿಂದ: ಪೆಟ್ಟಿಗೆಯ ಬಿಸಿಗೆ ತಕ್ಕಂತೆ ಫ್ಯಾನ್ ವೇಗ ಬದಲಿಸಲು ಐಆರ್‌ಎಫ್‌ಝಡ್44ಎನ್ ಮಾಸ್‌ಫೆಟ್ ಹಾಕಿ ಪಿಡಬ್ಲ್ಯುಎಂ (ವೇಗವಾಗಿ ಹಚ್ಚಿ ಆರಿಸುವ ಸಂಕೇತ) ಕೊಟ್ಟೆ. ಫ್ಯಾನ್ ಗುಂಯ್‌ಗುಡುತ್ತದೆ, ನಿಧಾನಕ್ಕಿಟ್ಟರೆ ಶುರುವೇ ಆಗುವುದಿಲ್ಲ, ಮಾಸ್‌ಫೆಟ್ಟೂ ಬಿಸಿ.

ಆ ಮಾಸ್‌ಫೆಟ್ ಪೂರ್ತಿ ತೆರೆಯಲು ಗೇಟ್ ಎಂಬ ಕಾಲಿಗೆ 10 ವೋಲ್ಟ್ ಕೇಳುತ್ತದೆ. 5 ವೋಲ್ಟ್‌ಗೆ ಅರ್ಧ ಮಾತ್ರ ತೆರೆದು ತಾನೇ ಬಿಸಿಯಾಗುತ್ತದೆ. ಐಆರ್‌ಎಲ್‌ಝಡ್44ಎನ್ ಹಾಕಿ, ಹೆಸರಿನಲ್ಲಿ ಒಂದು ಅಕ್ಷರದ ವ್ಯತ್ಯಾಸ ಅಷ್ಟೇ. ಗುಂಯ್‌ಗುಡುವುದು ಆರ್ಡುಯಿನೋ ಊನೋದ ಸಹಜ ಪಿಡಬ್ಲ್ಯುಎಂ ವೇಗ ಸುಮಾರು 490 ಹರ್ಟ್ಸ್ ಆಗಿರುವುದರಿಂದ, ಅದು ಕಿವಿಗೆ ಕೇಳುವ ಸ್ವರ.

ಇನ್ನೂ ಒಳ್ಳೆಯ ದಾರಿ ನಾಲ್ಕು ತಂತಿಯ ಕಂಪ್ಯೂಟರ್ ಫ್ಯಾನ್. ಅದಕ್ಕೆ 12 ವೋಲ್ಟ್ ಸದಾ ಇರುತ್ತದೆ, ನಾಲ್ಕನೇ ತಂತಿಗೆ 25 ಕಿಲೋಹರ್ಟ್ಸ್ ಸಂಕೇತ ಕೊಟ್ಟರಾಯಿತು. ಊನೋದಲ್ಲಿ ಟೈಮರ್ 1ನ್ನು (ಚಿಪ್ಪಿನೊಳಗಿನ ಎಣಿಸುವ ಗಡಿಯಾರ) ಫೇಸ್ ಕರೆಕ್ಟ್ ವಿಧಾನದಲ್ಲಿ, ಪ್ರೀಸ್ಕೇಲರ್ 1, ಐಸಿಆರ್1 ಬೆಲೆ 320 ಎಂದಿಟ್ಟರೆ 9 ಮತ್ತು 10ನೇ ಪಿನ್ನಿನಲ್ಲಿ ಸರಿಯಾಗಿ 25 ಕಿಲೋಹರ್ಟ್ಸ್ ಬರುತ್ತದೆ. ಮೂರನೇ ತಂತಿಯಲ್ಲಿ ಪ್ರತಿ ಸುತ್ತಿಗೆ ಎರಡು ಬಡಿತ ಬರುತ್ತವೆ. ಸೆಕೆಂಡಿನ ಬಡಿತವನ್ನು 30ರಿಂದ ಗುಣಿಸಿದರೆ ನಿಮಿಷದ ಸುತ್ತು. ಶುರುವಿನಲ್ಲಿ ಒಂದು ಸೆಕೆಂಡು ಪೂರ್ತಿ ವೇಗ ಕೊಟ್ಟು ಆಮೇಲೆ 30 ಶೇಕಡಾಕ್ಕೆ ಇಳಿಸಿ, ಅದಕ್ಕಿಂತ ಕೆಳಗೆ ಬೇಡ. 40 ಡಿಗ್ರಿಗೆ 30 ಶೇಕಡಾ, 65ಕ್ಕೆ 100, ನಡುವೆ ನೇರ ಗೆರೆ, ಇಳಿಯುವಾಗ 2 ಡಿಗ್ರಿ ತಡ. ಪೂರ್ತಿ ವೇಗ ಕೇಳಿದಾಗಲೂ ಸುತ್ತು ಸೊನ್ನೆಯಾಗಿದ್ದರೆ ಫ್ಯಾನ್ ಸತ್ತಿದೆ ಎಂದು ತಿಳಿದು ಲೋಡನ್ನು ಇಳಿಸುವ ಸಾಲು ಬರೆಯಿರಿ. ಬಿಸಿ ಏರುವವರೆಗೆ ಕಾಯಬೇಕಿಲ್ಲ.

ಸಕಲೇಶಪುರದಿಂದ: ಏಲಕ್ಕಿ ಗೋದಾಮಿನ ಹೊರಗೆ ಹಾಕಿದ ಪೆಟ್ಟಿಗೆ ನಿಜವಾದ ತಾಪಮಾನಕ್ಕಿಂತ 6–7 ಡಿಗ್ರಿ ಹೆಚ್ಚು ತೋರಿಸುತ್ತದೆ. ಮಳೆಗಾಲದಲ್ಲಿ ಪೂರ್ತಿ ಮುಚ್ಚಿದ್ದರೂ ಒಳಗೆ ನೀರು ನಿಲ್ಲುತ್ತದೆ.

ನೀವು ಕಳಿಸಿದ ಚಿತ್ರದಲ್ಲಿ ಸೆನ್ಸರ್ ಪಕ್ಕದಲ್ಲೇ 7805 ರೆಗ್ಯುಲೇಟರ್ ಇದೆ. 12 ವೋಲ್ಟನ್ನು 5ಕ್ಕೆ ಇಳಿಸುತ್ತ 150 ಮಿಲಿಆಂಪಿಯರ್ ಕೊಟ್ಟರೆ 7ನ್ನು 0.15ರಿಂದ ಗುಣಿಸಿದಷ್ಟು, ಅಂದರೆ ಒಂದು ವಾಟ್ ಚಿಲ್ಲರೆ, ಬರೀ ಬಿಸಿಯಾಗಿ ಹೋಗುತ್ತದೆ. ಹೀಟ್‌ಸಿಂಕ್ ಇಲ್ಲದ 7805 ವಾಟಿಗೆ ಸುಮಾರು 65 ಡಿಗ್ರಿ ಏರುತ್ತದೆ. ವೇಗವಾಗಿ ಹಚ್ಚಿ ಆರಿಸಿ ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರ್ ಹಾಕಿದರೆ ಅದೇ ಕೆಲಸಕ್ಕೆ ವ್ಯರ್ಥವಾಗುವುದು ಹತ್ತರಲ್ಲೊಂದು ಪಾಲು. ಜೊತೆಗೆ ಸೆನ್ಸರನ್ನು ಪೆಟ್ಟಿಗೆಯಿಂದ ಅರ್ಧ ಮೀಟರ್ ಹೊರಗೆ ತನ್ನಿ. ಬಿಳಿ ಪ್ಲಾಸ್ಟಿಕ್ ಸಾಸರ್ ಐದಾರನ್ನು ಬೋರಲು ಹಾಕಿ, ನಡುವೆ ಬೆರಳಗಲ ಸಂದು ಬಿಟ್ಟು ಪೇರಿಸಿ, ಒಳಗೆ ಸೆನ್ಸರ್ ತೂಗಿಬಿಟ್ಟು ಉತ್ತರದ ಗೋಡೆಗೆ ಹಾಕಿ.

ನೀರಿನ ವಿಷಯ: ಪೂರ್ತಿ ಮುಚ್ಚಿದ್ದೇ ತಪ್ಪು. ಹಗಲು ಬಿಸಿಯಾದ ಗಾಳಿ ಸಂದಿಯಿಂದ ಹೊರಹೋಗುತ್ತದೆ, ರಾತ್ರಿ ತಣಿದಾಗ ಪೆಟ್ಟಿಗೆ ಆಷಾಢದ ತೇವದ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಬಂದ ನೀರಿಗೆ ಹೋಗಲು ದಾರಿಯಿಲ್ಲ. ತಳದಲ್ಲಿ 3 ಮಿಲಿಮೀಟರ್ ತೂತು ಕೊರೆದು, ಇರುವೆ ನುಗ್ಗದಂತೆ ಒಳಗಿನಿಂದ ಸಣ್ಣ ಜಾಲರಿ ಅಂಟಿಸಿ. ಕೇಬಲ್‌ಗಳೆಲ್ಲ ತಳದಿಂದಲೇ ಬರಲಿ, ಬರುವ ಮೊದಲು ಒಂದು ಬಳುಕು ಕೆಳಗೆ ಜೋತಿರಲಿ. ಸ್ಟೀಲ್ ಪ್ರೋಬ್‌ಗಳ ಮೇಲಿನ ವಾಟರ್‌ಪ್ರೂಫ್ ಎಂಬ ಮಾತನ್ನು ಅರ್ಧ ನಂಬಿ. ತಂತಿ ಒಳಸೇರುವ ಬಾಯಲ್ಲಿ ನೀರು ನಿಧಾನ ಇಳಿಯುತ್ತದೆ. ಒಳಗೆ ಅಂಟಿರುವ ಹೀಟ್‌ಶ್ರಿಂಕ್ ಹಾಕಿ ಮುಚ್ಚಿ.

ಚನ್ನರಾಯಪಟ್ಟಣದಿಂದ: ಹಾಲು ತಂಪು ಮಾಡುವ ಸಣ್ಣ ಟ್ಯಾಂಕಿಗೆ ನಾವೇ ಕಂಟ್ರೋಲರ್ ಮಾಡಿದ್ದೇವೆ. ಕಂಪ್ರೆಸರ್ ಮತ್ತೆ ಆನ್ ಆಗಲು ಪ್ರೋಗ್ರಾಮಿನಲ್ಲಿ ಐದು ನಿಮಿಷದ ತಡ ಇದೆ. ಕಂಪ್ರೆಸರ್ ಆನ್ ಆದ ಕೂಡಲೇ ಒಮ್ಮೊಮ್ಮೆ ಬೋರ್ಡ್ ರೀಸೆಟ್ ಆಗುತ್ತದೆ, ಕರೆಂಟು ಹೋಗಿ ಬಂದಾಗ ಕಂಪ್ರೆಸರ್ ಗುರ್ ಎಂದು ಓವರ್‌ಲೋಡ್ ಬೀಳುತ್ತದೆ.

ಎರಡಕ್ಕೂ ಕಾರಣ ಬೇರೆ, ಆದರೆ ಒಂದಕ್ಕೊಂದು ಹೆಣೆದುಕೊಂಡಿವೆ. ನಿಂತ ಕಂಪ್ರೆಸರ್‌ನಲ್ಲಿ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಒತ್ತಡ ಇರುತ್ತದೆ. ಅವು ಸಮವಾಗಲು ಮೂರರಿಂದ ಐದು ನಿಮಿಷ ಬೇಕು. ಅದಕ್ಕೂ ಮುಂಚೆ ಚಾಲೂ ಮಾಡಿದರೆ ಮೋಟಾರ್ ತಿರುಗಲಾರದೆ ಗುರುಗುಟ್ಟುತ್ತದೆ. ನಿಮ್ಮ ಪ್ರೋಗ್ರಾಮಿನಲ್ಲಿ ಐದು ನಿಮಿಷದ ತಡ ಇದೆ ಎಂದಿದ್ದೀರಿ, ಆದರೆ ಬೋರ್ಡ್ ರೀಸೆಟ್ ಆದಾಗ ಗಡಿಯಾರ ಸೊನ್ನೆಯಿಂದ ಶುರುವಾಗಿ, ಕೊನೆಯ ಸಲ ಯಾವಾಗ ನಿಂತಿತು ಎಂಬುದೇ ಮರೆತುಹೋಗುತ್ತದೆ. ಪ್ರೋಗ್ರಾಮ್ ಶುರುವಾಗುವ ಕ್ಷಣವನ್ನೇ "ಈಗಷ್ಟೇ ನಿಂತಿದೆ" ಎಂದು ಲೆಕ್ಕ ಹಿಡಿಯಿರಿ. ಮೊದಲ ಐದು ನಿಮಿಷ ಏನೇ ಆಗಲಿ ಆನ್ ಮಾಡಬೇಡಿ.

ರೀಸೆಟ್‌ಗೆ ಸಾಮಾನ್ಯ ಕಾರಣ ಕಾಂಟ್ಯಾಕ್ಟರ್ ಕಾಯಿಲ್ ಎಬ್ಬಿಸುವ ವಿದ್ಯುತ್ ಗದ್ದಲ. ಕಾಯಿಲ್‌ನ ಎರಡು ತುದಿಗೆ 100 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್‌ನ ಎಕ್ಸ್2 ದರ್ಜೆಯ (ಮನೆಯ ಎಸಿ ಕರೆಂಟಿಗೆಂದೇ ಮಾಡಿದ) ಕೆಪಾಸಿಟರನ್ನು ಸಾಲಾಗಿ ಜೋಡಿಸಿ ಅಡ್ಡ ಹಾಕಿ. ಕಂಪ್ರೆಸರನ್ನು ನೀಲಿ ಬಣ್ಣದ 10 ಆಂಪಿಯರ್ ರಿಲೇಯಿಂದ ನೇರ ನಡೆಸಬೇಡಿ, ಅದರ ತುದಿಗಳು ಬೆಸೆದುಕೊಳ್ಳುತ್ತವೆ. ರಿಲೇ ಕಾಂಟ್ಯಾಕ್ಟರ್‌ನ ಕಾಯಿಲನ್ನು ಮಾತ್ರ ಹಿಡಿಯಲಿ. ಪ್ರೋಗ್ರಾಮ್ ಸಿಕ್ಕಿಕೊಂಡರೆ ಬೋರ್ಡನ್ನು ತಾನಾಗಿ ಮತ್ತೆ ಶುರು ಮಾಡುವ ವಾಚ್‌ಡಾಗ್ ಟೈಮರ್ ಆನ್ ಇರಲಿ.

ಟ್ಯಾಂಕಿನ ಹೊರಮೈಗೆ ಟೇಪಿನಿಂದ ಅಂಟಿಸಿದ ಸೆನ್ಸರ್ ಕಂಪ್ರೆಸರ್ ಓಡುವಾಗ ತಣ್ಣನೆಯ ತಗಡನ್ನು ಅಳೆಯುತ್ತದೆ, ಹಾಲನ್ನಲ್ಲ. ಹಾಲು ಇನ್ನೂ 9ರಲ್ಲಿರುವಾಗಲೇ 4 ಎಂದು ನಿಲ್ಲಿಸಿಬಿಡುತ್ತದೆ. ತಳ ಮುಚ್ಚಿದ ಸ್ಟೀಲಿನ ಕೊಳವೆಯೊಂದನ್ನು ಟ್ಯಾಂಕಿನೊಳಗೆ ಇಳಿಸಿ ಬೆಸೆಯಿಸಿ, ಅದರ ತಳದಲ್ಲಿ ಥರ್ಮಲ್ ಪೇಸ್ಟ್ ತುಂಬಿ ಪ್ರೋಬ್ ಕೂರಿಸಿ. 4.5ಕ್ಕೆ ಆನ್, 3.5ಕ್ಕೆ ಆಫ್. ಕಲಕುವ ಮೋಟಾರ್ ಕಂಪ್ರೆಸರ್ ಜೊತೆಗೇ ಓಡಬೇಕು, ಓಡದಿದ್ದರೆ ಕಂಪ್ರೆಸರೂ ಓಡಬಾರದು. ಹಾಲು ಮೈನಸ್ ಅರ್ಧ ಡಿಗ್ರಿಯ ಹತ್ತಿರ ಹೆಪ್ಪುಗಟ್ಟುತ್ತದೆ, ನಿಂತ ಹಾಲಿನಲ್ಲಿ ಗೋಡೆಯ ಬದಿಗೆ ಮೊದಲು ಪದರ ಕಟ್ಟುವುದು ಅಲ್ಲೇ. ಹಾಲು ಹಾಕುವ ಮುಂಚೆ ಒಂದು ದಿನ ಬರೀ ನೀರು ತುಂಬಿ ಓಡಿಸಿ, ಮುಚ್ಚಳ ತೆಗೆದು ಕೈಯಲ್ಲಿ ಹಿಡಿದ ಬೇರೆ ಥರ್ಮಾಮೀಟರಿನಿಂದ ತಳ, ನಡು, ಮೇಲು ಮೂರೂ ಕಡೆ ಹೋಲಿಸಿ ನೋಡಿ.